ಮುತ್ತಜ್ಜನ ಖತಾವಣಿ: ಹೇಗೆ ಉಳಿಸುವುದು, ಹೇಗೆ ಓದುವುದು?

ಪ್ರಶ್ನೆ: ಬೆಟಗೇರಿ ಮರಿಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮುತ್ತಜ್ಜ ಗದುಗಿನಲ್ಲಿ ಹತ್ತಿಯ ಅಡತಿ ಅಂಗಡಿ (ರೈತರ ಹತ್ತಿಯನ್ನು ದಲಾಲಿಯ ಮೇಲೆ ಮಾರಿಕೊಡುವ ಅಂಗಡಿ) ನಡೆಸುತ್ತಿದ್ದರು. ಅಂಗಡಿ ನಮ್ಮ ಅಜ್ಜನ ಕಾಲಕ್ಕೇ ಮುಚ್ಚಿತು, ಕಟ್ಟಡ ಕೈ ಬದಲಾಯಿತು. ಮುತ್ತಜ್ಜನ ಭಾವಚಿತ್ರ ಮನೆಯಲ್ಲಿ ಒಂದೂ ಇಲ್ಲ. ಅವರ ಕೈಯಿಂದ ಬಂದದ್ದು ಎಂದು ಉಳಿದಿರುವುದು ಕೆಂಪು ಅರಿವೆಯ ಹೊದಿಕೆಯುಳ್ಳ ಒಂದು ದಪ್ಪ ಖತಾವಣಿ (ಒಬ್ಬೊಬ್ಬರ ಹೆಸರಿನ ಖಾತೆಗಳ ಪುಸ್ತಕ) ಮತ್ತು ಅದರ ಜೊತೆಗಿರುವ ಕೆಲವು ಕೀರ್ದಿ (ದಿನದಿನದ ಲೆಕ್ಕದ) ಪುಸ್ತಕಗಳು ಮಾತ್ರ. ಪ್ರತಿ ವರ್ಷ ದೀಪಾವಳಿ ಪಾಡ್ಯದ ದಿನ ಅಪ್ಪಾಜಿ ಈ ಖತಾವಣಿಯನ್ನು ಲಕ್ಷ್ಮೀಪೂಜೆಯ ಮಣೆಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು, ಮರಳಿ ಟ್ರಂಕಿನಲ್ಲಿ ಇಡುತ್ತಾರೆ. ವ್ಯಾಪಾರ ಬಿಟ್ಟು ಇಷ್ಟು ವರ್ಷಗಳಾದರೂ ಈ ಪೂಜೆಯನ್ನು ನಮ್ಮ ಮನೆಯವರು ಬಿಟ್ಟಿಲ್ಲ.

ಪುಸ್ತಕ ಮೋಡಿ ಲಿಪಿಯಲ್ಲಿದೆ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹದ ಲಿಪಿಯಲ್ಲಿ. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ. ಬಹಳ ಹಿಂದೆ ಒಬ್ಬ ಹಿರಿಯ ದಿವಾಣಜಿಯವರು (ಅಂಗಡಿಯ ಲೆಕ್ಕ ಬರೆಯುವವರು) ಮೊದಲ ಪುಟದ ಸಾಲನ್ನು ಓದಿ, ಶಕೆ 1840, ಕಾಳಯುಕ್ತಿ ಸಂವತ್ಸರ, ಕಾರ್ತಿಕ ಶುದ್ಧ ಪಾಡ್ಯ ಎಂದು ಹೇಳಿದ್ದರಂತೆ. ಒಳಗಿನ ಹಲವು ಪುಟಗಳಲ್ಲಿ ಇಡೀ ಖಾತೆಯ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆಯಲಾಗಿದೆ. ಈ ಗೆರೆಗಳ ಬಗ್ಗೆ ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ಒಂದೇ: “ದೊಡ್ಡ ಬ್ಯಾನಿ ಬಂದ ವರ್ಷ ಸತ್ತ ರೈತರ ಸಾಲವನ್ನು ನಿಮ್ಮ ಮುತ್ಯಾ ತಾನೇ ಹೊಡೆದು ಹಾಕಿದ, ಅವರ ಹೆಂಡರು ಮಕ್ಕಳನ್ನು ಒಂದು ದಿನವೂ ಕೇಳಲಿಲ್ಲ.” ನಾವು ಆ ಮುತ್ತಜ್ಜನನ್ನು ನೆನೆಯುವುದು ಈ ಮಾತಿನಿಂದಲೇ.

ಈಗ ಹಾಳೆಗಳು ಮಡಿಕೆಯಲ್ಲಿ ಸೀಳಿ ಉದುರತೊಡಗಿವೆ. ಎಲ್ಲ ಹಾಳೆಗಳನ್ನು ಬಿಡಿಸಿ ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತವಾಗಿ ಉಳಿಯುತ್ತವೆ ಎಂದು ಅಣ್ಣ ಹೇಳುತ್ತಾನೆ. ಓದಲು ಬಾರದ ಪುಸ್ತಕವನ್ನು ಇಟ್ಟುಕೊಂಡು ಏನು ಮಾಡುವುದು, ಗೆರೆ ಎಳೆದ ಒಂದೆರಡು ಪುಟಗಳನ್ನು ಚೌಕಟ್ಟು ಹಾಕಿಸಿ ಉಳಿದದ್ದನ್ನು ಹೊಳೆಗೆ ಬಿಡೋಣ ಎಂಬುದು ಕಾಕಾ ಅವರ ಅಭಿಪ್ರಾಯ. ನನಗೆ ಎರಡೂ ಒಪ್ಪಿಗೆಯಿಲ್ಲ. ಆದರೆ ಬೇರೆ ದಾರಿ ಯಾವುದು ಎಂದು ಹೇಳಲೂ ಗೊತ್ತಾಗುತ್ತಿಲ್ಲ. ಪುಸ್ತಕವನ್ನು ಉಳಿಸುವುದು ಹೇಗೆ, ಓದಿಸುವುದು ಹೇಗೆ, ಅಜ್ಜಿಯ ಮಾತಿಗೆ ಅದರಲ್ಲಿ ಆಧಾರ ಸಿಗಬಹುದೇ, ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಹುಬ್ಬಳ್ಳಿ ಗ್ರಂಥಪಾಲಕಿ

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿ ಪ್ಲಾಸ್ಟಿಕ್ ಒಮ್ಮೆ ಕಾಗದಕ್ಕೆ ಅಂಟಿದರೆ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಒಳಗೆ ಸಿಕ್ಕ ತೇವ ಮತ್ತು ಕಾಗದದಲ್ಲಿನ ಆಮ್ಲ ಹೊರಗೆ ಹೋಗಲು ದಾರಿಯಿಲ್ಲದೆ ಹಾಳೆಯನ್ನು ಒಳಗಿನಿಂದಲೇ ಹಳದಿಯಾಗಿಸಿ ಪುಡಿ ಮಾಡುತ್ತವೆ. ಪಾರದರ್ಶಕ ಅಂಟುಪಟ್ಟಿಯೂ ಬೇಡ, ಅದರ ಗೋಂದು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಹಾಳೆಗಳನ್ನು ಹೊಲಿಗೆಯಿಂದ ಬಿಡಿಸುವುದಂತೂ ಆಗಲೇಬಾರದು. ಲೆಕ್ಕದ ಪುಸ್ತಕಕ್ಕೆ ಪುಟಗಳ ಅನುಕ್ರಮವೇ ಜೀವ, ಬಿಡಿಯಾದ ಪುಟ ಯಾವ ದಿನದ್ದು, ಯಾರದ್ದು ಎಂದು ಹೇಳುವುದು ಮುಂದೆ ಕಷ್ಟವಾಗುತ್ತದೆ. ಕಾಕಾ ಅವರ ಚೌಕಟ್ಟಿನ ಯೋಚನೆಗೂ ಇದೇ ಅಡ್ಡಿಯಿದೆ. ಜೊತೆಗೆ, ಗೋಡೆಯ ಮೇಲಿನ ಬೆಳಕು ಮಸಿಯನ್ನೂ ಕಾಗದವನ್ನೂ ದಿನದಿನವೂ ತಿನ್ನುತ್ತದೆ.

ಹಾಳೆಗಳು ಮಡಿಕೆಯಲ್ಲೇ ಏಕೆ ಸೀಳುತ್ತವೆ ಎಂದರೆ, ಆ ಕಾಲದ ಅಂಗಡಿ ಪುಸ್ತಕಗಳಲ್ಲಿ ಅಂಕಣಗಳಿಗೆ ಗೆರೆ ಹಾಕದೆ, ಹಾಳೆಯನ್ನು ಉದ್ದಕ್ಕೆ ಮಡಿಸಿ ಬಿಚ್ಚಿ, ಆ ಮಡಿಕೆಯ ಗುರುತನ್ನೇ ಅಂಕಣದ ಗೆರೆಯಾಗಿ ಬಳಸುತ್ತಿದ್ದರು. ಆದ್ದರಿಂದ ಪುಸ್ತಕವನ್ನು ಪೂರ್ತಿ ಅಗಲವಾಗಿ ನೆಲಕ್ಕೆ ಒತ್ತಿ ತೆರೆಯಬೇಡಿ. ಎರಡು ಕಡೆ ಮೆತ್ತನೆಯ ಬಟ್ಟೆಯ ಸುರುಳಿಗಳ ಆಸರೆ ಕೊಟ್ಟು, ಅರ್ಧ ತೆರೆದ ಸ್ಥಿತಿಯಲ್ಲಿ ಹಾಳೆಯನ್ನು ಅಡಿಯಿಂದ ಅಂಗೈಯಲ್ಲಿ ಹಿಡಿದು ತಿರುಗಿಸಿ. ಸೀಳಿದ ಕಡೆ ತೆಳುವಾದ ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಜೋಡಿಸುವ ಕ್ರಮವಿದೆ. ಮುಂದೆ ಬೇಕಾದಾಗ ಅದನ್ನು ತೆಗೆಯಲು ಬರುತ್ತದೆ, ಆದರೆ ಅದು ಕಲಿತವರ ಕೈಯ ಕೆಲಸ. ಮಸಿ ಕರಿಯಾಗಿ ಹೊಳೆಯುತ್ತಿದ್ದರೆ ಅದು ಬಹುಶಃ ಕಾಡಿಗೆಯ ಮಸಿ. ಅಂಥ ಮಸಿ ಬಣ್ಣಗೆಡುವುದಿಲ್ಲ, ಆದರೆ ಹನಿ ನೀರು ಬಿದ್ದರೂ ಕದಡುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಅಕ್ಷರ ಇದ್ದ ಜಾಗದಲ್ಲೇ ಕಾಗದ ತೂತು ಬಿದ್ದಿದ್ದರೆ ಅದು ಕಬ್ಬಿಣದ ಅಂಶದ ಮಸಿ, ಅಂಥ ಪುಟಗಳನ್ನು ತಿರುಗಿಸುವುದನ್ನೇ ಆದಷ್ಟು ಕಡಿಮೆ ಮಾಡಬೇಕು. ಎರಡರಲ್ಲಿ ಯಾವುದೇ ಇದ್ದರೂ ಒದ್ದೆ ಬಟ್ಟೆಯಿಂದ ಒರೆಸುವುದು ಸಲ್ಲದು.

ಪುಸ್ತಕವನ್ನು ಗಂಜಿಯಿಲ್ಲದ, ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನ ಬದಲು ಗಾಳಿಯಾಡುವ ಕಪಾಟಿನಲ್ಲಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಮೇಲೆ ಅಡ್ಡ ಮಲಗಿಸಿ ಇಡಿ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ತೆರೆದು ಗೆದ್ದಲು, ಹುಳ ಬಿದ್ದಿದೆಯೇ ನೋಡಿ.

ಪೂಜೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆ ಪೂಜೆ ಇಲ್ಲದಿದ್ದರೆ ಈ ಪುಸ್ತಕ ಎಂದೋ ರದ್ದಿಗೆ ಹೋಗುತ್ತಿತ್ತು. ಆದರೆ ಕುಂಕುಮ, ಎಣ್ಣೆ, ಕಾಯಿಯ ನೀರು ಮೂರೂ ಕಾಗದಕ್ಕೆ ಶತ್ರುಗಳು. ಬಟ್ಟೆಯ ಹೊದಿಕೆಯೊಂದಿಗೇ ಮಣೆಯ ಮೇಲೆ ಇಟ್ಟು, ಕುಂಕುಮವನ್ನು ಆ ಹೊದಿಕೆಗೆ ಹಚ್ಚಿ, ಕಾಯಿಯನ್ನು ದೂರದಲ್ಲಿ ಒಡೆಯಿರಿ.

ಎಲ್ಲಕ್ಕಿಂತ ಮೊದಲು ಪ್ರತಿ ಪುಟದ ಫೋಟೊ ತೆಗೆಯಿರಿ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕದಲ್ಲಿ, ಫ್ಲಾಶ್ ಇಲ್ಲದೆ, ಪುಟದ ಬದಿಗೆ ಒಂದು ಅಳತೆಪಟ್ಟಿ ಇಟ್ಟು, ಖಾಲಿ ಪುಟಗಳನ್ನೂ ಬಿಡದೆ ಕ್ರಮವಾಗಿ ತೆಗೆದರೆ, ಮುಂದೆ ಓದುವವರಿಗೆ ಮೂಲವನ್ನು ಮತ್ತೆ ಮತ್ತೆ ಮುಟ್ಟುವ ಅಗತ್ಯ ಬೀಳುವುದಿಲ್ಲ.

ಉತ್ತರ: ಧಾರವಾಡದ ಮೋಡಿ ಓದುಗ

ಓದಿಸುವ ಬಗ್ಗೆ ನಾನು ಹೇಳುತ್ತೇನೆ. 1956 ರವರೆಗೆ ನಮ್ಮ ಭಾಗ ಮುಂಬಯಿ ಆಡಳಿತದಲ್ಲಿತ್ತು. ಅದಕ್ಕೂ ಹಿಂದೆ ಪೇಶ್ವೆಯರ ಕಾಲದಿಂದ ದಫ್ತರದ ಬರವಣಿಗೆಗೆ ಮೋಡಿಯ ರೂಢಿ ಬಂದಿತ್ತು. ಹೀಗಾಗಿ ಮೋಡಿಯಲ್ಲಿದೆ ಎಂದ ಮಾತ್ರಕ್ಕೆ ಭಾಷೆ ಮರಾಠಿಯೇ ಆಗಿರಬೇಕೆಂದಿಲ್ಲ. ಕನ್ನಡವನ್ನೂ ಮೋಡಿಯಲ್ಲಿ ಬರೆದದ್ದುಂಟು. ಮೊದಲು ಹೆಸರುಗಳನ್ನು ಮತ್ತು ಊರುಗಳನ್ನು ಗುರುತಿಸಿ, ಆಮೇಲೆ ಕ್ರಿಯಾಪದ ಯಾವ ಭಾಷೆಯದ್ದು ಎಂದು ನೋಡುವುದು ಒಳ್ಳೆಯ ಕ್ರಮ.

ಮೋಡಿಯಲ್ಲಿ ಮೇಲಿನ ಗೆರೆಯನ್ನು ಮೊದಲೇ ಪುಟದ ಉದ್ದಕ್ಕೂ ಎಳೆದುಕೊಂಡು, ಅದರಿಂದ ಅಕ್ಷರಗಳನ್ನು ಇಳಿಬಿಟ್ಟು, ಲೇಖನಿ ಎತ್ತದೆ ಬರೆಯುತ್ತಾರೆ. ಪದಗಳ ನಡುವೆ ಬಿಡುವಿರುವುದಿಲ್ಲ, ಇಕಾರ ಉಕಾರಗಳ ಹ್ರಸ್ವ ದೀರ್ಘಗಳನ್ನು ಸಾಮಾನ್ಯವಾಗಿ ಬೇರೆ ಮಾಡುವುದಿಲ್ಲ. ಒಬ್ಬರ ಮೋಡಿ ಇನ್ನೊಬ್ಬರ ಮೋಡಿಯಂತಿರದ ಕಾರಣ, ಕಲಿತವರಿಗೂ ನಿಮ್ಮ ಮುತ್ತಜ್ಜನ ಕೈಬರಹದ ರೀತಿ ಹಿಡಿಯಲು ಕೆಲವು ಪುಟಗಳು ಬೇಕಾಗುತ್ತವೆ. ಒಮ್ಮೆ ಹಿಡಿದರೆ ಮುಂದಿನದು ಬೇಗ ಸಾಗುತ್ತದೆ, ಏಕೆಂದರೆ ಲೆಕ್ಕದ ಭಾಷೆ ಚಿಕ್ಕದು: ಜಮಾ, ಖರ್ಚು, ಬಾಕಿ, ಉದ್ರಿ (ಸಾಲದ ವ್ಯವಹಾರ), ರೋಖ (ನಗದು), ಹಸ್ತೆ (ಯಾರ ಕೈಯಿಂದ), ಶಿಲ್ಕು (ಕೈಯಲ್ಲಿ ಉಳಿದ ಹಣ) ಇವೇ ಪದಗಳು ಪುಟ ಪುಟಕ್ಕೂ ಮರಳಿ ಬರುತ್ತವೆ. ಅಂಕಿಯ ಮುಂದೆ ನೆಟ್ಟಗೆ ನಿಂತ ಗೀಟು ಒಂದಿದ್ದರೆ ನಾಲ್ಕು ಆಣೆ, ಎರಡಿದ್ದರೆ ಎಂಟು, ಮೂರಿದ್ದರೆ ಹನ್ನೆರಡು. ಓರೆಯಾದ ಗೀಟುಗಳು ಬಿಡಿ ಆಣೆಗಳು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬ ಲೆಕ್ಕ 1957 ರ ಏಪ್ರಿಲ್‌ವರೆಗೂ ನಡೆದಿತ್ತು.

ನಿಮ್ಮ ದಿವಾಣಜಿಯವರು ಓದಿದ ಸಾಲು ಸರಿಯಾಗಿ ಹೊಂದುತ್ತದೆ. ಶಕೆಗೆ 78 ಕೂಡಿಸಿದರೆ 1918, ಕಾಳಯುಕ್ತಿಯೂ ಅದೇ ವರ್ಷದ ಸಂವತ್ಸರ. ಒಂದು ವಿಷಯ ಗಮನದಲ್ಲಿರಲಿ. ವ್ಯಾಪಾರಿಗಳ ವರ್ಷ ಕಾರ್ತಿಕದ ಪಾಡ್ಯಕ್ಕೆ ಆರಂಭವಾದರೆ ಶಕೆ ಬದಲಾಗುವುದು ಯುಗಾದಿಗೆ. ಆದ್ದರಿಂದ ಇದೇ ಪುಸ್ತಕದ ನಡುವೆ ಚೈತ್ರದಿಂದ 1841, ಸಿದ್ಧಾರ್ಥಿ ಎಂದು ಕಾಣಿಸುತ್ತದೆ. ಅದು ಬೇರೆ ಪುಸ್ತಕದ ಹಾಳೆ ಸೇರಿಕೊಂಡದ್ದಲ್ಲ. ಹಾಗೆಯೇ “ಕುಮಟಾ” ಎಂದು ಬಂದ ಕಡೆಯಲ್ಲೆಲ್ಲ ಕಡಲತೀರದ ಊರು ಎಂದು ತಿಳಿಯಬೇಡಿ. ಆ ಬಂದರಿನ ಮೂಲಕ ಹೋಗುತ್ತಿದ್ದುದರಿಂದ ನಮ್ಮ ಎರೆನೆಲದ ನಾಡಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರು ಅದು.

ಅಜ್ಜಿಯವರು ಹೇಳಿದ ದೊಡ್ಡ ಬ್ಯಾನಿ 1918 ರ ಇನ್‌ಫ್ಲುಯೆಂಜಾ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂಬಯಿ ಪ್ರಾಂತ್ಯವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಜನ ಸಪ್ಟೆಂಬರಿನಿಂದ ನವೆಂಬರಿನ ನಡುವೆ ಸತ್ತವರು. ಅದೇ ವರ್ಷ ಮುಂಗಾರು ಮಳೆಯೂ ಕೈಕೊಟ್ಟಿತ್ತು. ನಿಮ್ಮ ಪುಸ್ತಕ ತೆರೆದದ್ದು ಆ ಸಾವುಗಳ ನಡುವೆಯೇ ಬಂದ ದೀಪಾವಳಿಯಲ್ಲಿ. ಹಾಗಾಗಿ ಅದು ನಿಮ್ಮ ಮನೆಗೆ ಮಾತ್ರವಲ್ಲ, ಗದುಗಿನ ಸುತ್ತಲಿನ ಹಳ್ಳಿಗಳಿಗೂ ಬೆಲೆಯುಳ್ಳ ಬರಹ, ಹೊಳೆಗೆ ಬಿಡುವ ಮಾತನ್ನು ದಯವಿಟ್ಟು ಕೈಬಿಡಿ.

ಓದಬಲ್ಲವರಿಗಾಗಿ ಧಾರವಾಡದಲ್ಲೇ ವಿಚಾರಿಸಿ. 1939 ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆ ಈಗ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ 1910 ರಿಂದ ಮೋಡಿ ಕಾಗದಗಳ ಕೆಲಸ ಮಾಡುತ್ತ ಬಂದಿದೆ. ಮೂಲವನ್ನು ಯಾರಿಗೂ ಕೊಟ್ಟು ಬರಬೇಡಿ, ಫೋಟೊಗಳನ್ನು ಒಯ್ಯಿರಿ.

ಉತ್ತರ: ಬ್ಯಾಡಗಿಯ ಅಡತಿ ಮನೆತನ

ತಂಗಿ, ನಮ್ಮದು ಮೆಣಸಿನಕಾಯಿ ಅಡತಿಯ ಮನೆತನ, ಹಳೆಯ ಪದ್ಧತಿಯ ಕೀರ್ದಿ ಖತಾವಣಿಗಳನ್ನು ಬರೆದವರ ಕೈಕೆಳಗೆ ಬೆಳೆದವನು ನಾನು. ಗೆರೆಯ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಮನಸ್ಸಿಗೆ ನೋವು ಮಾಡಿಕೊಳ್ಳಬೇಡಿ. ಖಾತೆಯ ಮೇಲೆ ಎಳೆದ ಗೆರೆ ಸಾಲ ಬಿಟ್ಟದ್ದಕ್ಕೆ ಗುರುತಲ್ಲ. ಸಾಲ ತೀರಿದಾಗಲೂ ಗೆರೆ ಎಳೆಯುತ್ತಾರೆ, ಬಾಕಿಯನ್ನು ಮುಂದಿನ ವರ್ಷದ ಪುಸ್ತಕಕ್ಕೆ ಒಯ್ದಾಗಲೂ ಎಳೆಯುತ್ತಾರೆ. ಆ ಗೆರೆ ಹೇಳುವುದು “ಈ ಪುಟದಲ್ಲಿ ಇನ್ನು ನೋಡುವುದೇನಿಲ್ಲ” ಎಂಬುದನ್ನಷ್ಟೇ. ಆದ್ದರಿಂದ ಗೆರೆ ಎಳೆದ ಪುಟಗಳನ್ನು ಮಾತ್ರ ಚೌಕಟ್ಟಿಗೆ ಹಾಕಿದರೆ, ನಿಮ್ಮ ಮುತ್ತಜ್ಜನ ದೊಡ್ಡತನಕ್ಕೆ ಸಾಕ್ಷಿಯಾಗಬಲ್ಲ ಪುಟಗಳನ್ನೇ ಹೊಳೆಗೆ ಬಿಟ್ಟಂತಾಗುತ್ತದೆ.

ಆ ಸಾಕ್ಷಿ ಬೇರೆ ಕಡೆ ಇರುತ್ತದೆ. ಕೀರ್ದಿ ಎಂದರೆ ದಿನದಿನದ ವ್ಯವಹಾರ ಬಂದ ಕ್ರಮದಲ್ಲೇ ಬರೆದದ್ದು, ಖತಾವಣಿ ಎಂದರೆ ಅದನ್ನೇ ಒಬ್ಬೊಬ್ಬರ ಹೆಸರಿನಲ್ಲಿ ವಿಂಗಡಿಸಿ ಏರಿಸಿದ್ದು. ಖತಾವಣಿಯ ಪ್ರತಿ ಸಾಲಿನ ಪಕ್ಕದಲ್ಲಿ ಕೀರ್ದಿಯ ಪಾನಿನ (ಪುಟದ) ಅಂಕಿ ಇರುತ್ತದೆ. ನಿಮ್ಮ ಮನೆಯಲ್ಲಿ ಎರಡೂ ಉಳಿದಿರುವುದು ದೊಡ್ಡ ಭಾಗ್ಯ. ಒಬ್ಬ ರೈತನ ಖಾತೆಯನ್ನು ತೆಗೆದುಕೊಳ್ಳಿ. ಬಲಗಡೆ ಖರ್ಚಿನಲ್ಲಿ ಹಿಂದಿನ ಬಾಕಿ, ಬಿತ್ತನೆಗೆ ಕೊಟ್ಟ ಮುಂಗಡ ಇರುತ್ತವೆ. ಎಡಗಡೆ ಜಮಾದಲ್ಲಿ, ಸಂಕ್ರಾಂತಿಯ ನಂತರ ಹತ್ತಿ ಬಿಡಿಸಿ ತಂದು ಹಾಕಿದ ಅಂಡಿಗೆಗಳ (ಹತ್ತಿಯ ದೊಡ್ಡ ಚೀಲಗಳ) ಹಣ ಬರಬೇಕು. ಖಾತೆ ಮುಚ್ಚಿದ ಕೊನೆಯ ಸಾಲು ಎಡಗಡೆ ಹೇಗೆ ಬಂದಿದೆ ನೋಡಿ. ಹತ್ತಿಯಿಂದ ಬಂದಿದ್ದರೆ ಸಾಲ ತೀರಿತು. “ಬಾಕಿ ಮುಂದೆ” ಎಂಬ ಅರ್ಥದ ಮಾತಿದ್ದರೆ ಸಾಲ ಮುಂದಿನ ಪುಸ್ತಕಕ್ಕೆ ಹೋಯಿತು. ಎರಡೂ ಅಲ್ಲದೆ ಮೊತ್ತ ಮಾತ್ರ ಬಂದಿದ್ದರೆ, ಆ ಪಾನಿನ ಅಂಕಿ ಹಿಡಿದು ಕೀರ್ದಿಗೆ ಹೋಗಿ. ಲೆಕ್ಕದಲ್ಲಿ ಒಬ್ಬರಿಗೆ ಬಿಟ್ಟದ್ದು ಇನ್ನೊಂದು ಕಡೆ ಬೀಳಲೇಬೇಕು. ಅದೇ ದಿನ ಅಷ್ಟೇ ಮೊತ್ತ ನುಕಸಾನಿಯ (ನಷ್ಟದ) ಖಾತೆಗೋ, ಧರ್ಮದ ಖಾತೆಗೋ, ನಿಮ್ಮ ಮುತ್ತಜ್ಜನ ಸ್ವಂತ ಖಾತೆಗೋ ಖರ್ಚು ಬಿದ್ದಿದ್ದರೆ ಆತ ನಿಜವಾಗಿಯೂ ಕೈಯಿಂದ ಬಿಟ್ಟರು ಎಂದು ಅರ್ಥ. ನುಕಸಾನಿಗೆ ಹಾಕಿದ್ದರೆ ಅದು ವ್ಯಾಪಾರಿಯ ಲೆಕ್ಕ, ಬರಲಾರದ್ದನ್ನು ಬಿಟ್ಟದ್ದು. ಧರ್ಮಕ್ಕೋ ಸ್ವಂತಕ್ಕೋ ಹಾಕಿಕೊಂಡಿದ್ದರೆ ಅದು ಮನುಷ್ಯನ ನಿರ್ಧಾರ.

ಇನ್ನೊಂದು ಪರೀಕ್ಷೆಯೂ ಇದೆ. 1908 ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಬಾಕಿಗೆ ಮೂರು ವರ್ಷದೊಳಗೆ ದಾವೆ ಹಾಕಬೇಕಿತ್ತು. ದಾವೆ ಬೇಡವೆಂದರೆ, ಅವಧಿ ಮುಗಿಯುವ ಮೊದಲು ಸಾಲಗಾರನಿಂದಲೋ ಅವನ ವಾರಸುದಾರರಿಂದಲೋ ಬಾಕಿ ಒಪ್ಪಿದ್ದಕ್ಕೆ ರುಜು ಪಡೆಯಬೇಕಿತ್ತು, ಆಗ ಹೊಸದಾಗಿ ಮೂರು ವರ್ಷ ಸಿಗುತ್ತಿತ್ತು. ಇಪ್ಪತ್ತು ರೂಪಾಯಿ ಮೀರಿದ ಬಾಕಿಗೆ ಒಂದು ಆಣೆಯ ಸ್ಟಾಂಪು ಹಚ್ಚಿ ಅದರ ಮೇಲೆ ರುಜು ಇಲ್ಲವೇ ಹೆಬ್ಬೆಟ್ಟು ಹಾಕಿಸುತ್ತಿದ್ದರು. ಗಟ್ಟಿ ಕೈಯ ಸಾಹುಕಾರ ಈ ರುಜುವನ್ನು ಎಂದೂ ಮರೆಯುತ್ತಿರಲಿಲ್ಲ, ಹೆಣದ ಮನೆಯಲ್ಲೂ ವಿಧವೆಯ ಹೆಬ್ಬೆಟ್ಟು ಒತ್ತಿಸಿಕೊಂಡವರುಂಟು. ನಿಮ್ಮಲ್ಲಿ ಮುಂದಿನ ವರ್ಷಗಳ ಪುಸ್ತಕಗಳೂ ಇದ್ದರೆ, ಅವುಗಳಲ್ಲಿ ಬದುಕಿದ್ದ ಸಾಲಗಾರರ ಖಾತೆಗೆ ಸ್ಟಾಂಪು, ರುಜು ಇದ್ದು, ಸತ್ತವರ ಮನೆಯವರಿಂದ ಮಾತ್ರ ಪಡೆಯದಿದ್ದರೆ, ಅಜ್ಜಿಯವರ “ಹೆಂಡರು ಮಕ್ಕಳನ್ನು ಕೇಳಲಿಲ್ಲ” ಎಂಬ ಮಾತಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇಡ.

ಪ್ರಶ್ನೆ ಕೇಳಿದವರು: ಬೆಟಗೇರಿ ಮರಿಮಗಳು

ಮೂವರಿಗೂ ಮನಃಪೂರ್ವಕ ವಂದನೆಗಳು. ಸ್ಟಾಂಪಿನ ಮಾತು ಓದಿದ ಕೂಡಲೇ ಪುಸ್ತಕವನ್ನು ತೆರೆದು ನೋಡಿದೆವು. ಕೆಲವು ಪುಟಗಳಲ್ಲಿ ಚಿಕ್ಕ ಸ್ಟಾಂಪುಗಳಿವೆ, ಒಂದೆರಡರ ಮೇಲೆ ಹೆಬ್ಬೆಟ್ಟಿನ ಗುರುತೂ ಇದೆ. ಗೆರೆ ಎಳೆದ ಪುಟಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಓದದೆ ಏನನ್ನೂ ಹೇಳಲಾಗದು ಎಂಬುದು ಈಗ ಮನೆಯವರೆಲ್ಲರಿಗೂ ಮನವರಿಕೆಯಾಗಿದೆ, ಲ್ಯಾಮಿನೇಷನ್ ಮತ್ತು ಹೊಳೆಯ ಮಾತು ಎರಡೂ ನಿಂತಿವೆ.

ಆದರೆ ಅಪ್ಪಾಜಿಯವರಿಗೆ ಒಂದು ಅಳುಕು. ಓದಿಸಿದ ಮೇಲೆ ಅಜ್ಜಿಯ ಮಾತು ಸುಳ್ಳೆಂದು ತೋರಿದರೆ, ಇಷ್ಟು ವರ್ಷ ಪೂಜಿಸಿದ ಪುಸ್ತಕವೇ ಮುತ್ತಜ್ಜನ ಹೆಸರಿಗೆ ಮುಳುವಾಗುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಅದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ತಿಳಿಯಲಿಲ್ಲ. ಇನ್ನೊಂದು ವಿಷಯ: ಓದಿಸಿದ ಪುಟಗಳನ್ನು ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಹಾಕುವ ಇಚ್ಛೆ ನನಗಿದೆ, ಅದು ಸರಿಯೇ?

ಉತ್ತರ: ರಾಣೆಬೆನ್ನೂರಿನ ನಿವೃತ್ತ ಶಿಕ್ಷಕ

ನಿಮ್ಮ ತಂದೆಯವರ ಅಳುಕನ್ನು ನಾನು ಗೌರವಿಸುತ್ತೇನೆ. ಆದರೆ ಅಜ್ಜಿಯವರ ಮಾತು ಮತ್ತು ಪುಸ್ತಕದ ಬರಹ ಒಂದನ್ನೊಂದು ಅಳಿಸಬೇಕಾಗಿಲ್ಲ. ಪುಸ್ತಕ ಓದುವ ಮೊದಲೇ ಅಜ್ಜಿಯವರ ಮಾತನ್ನು ಅವರು ಹೇಳುತ್ತಿದ್ದ ನುಡಿಯಲ್ಲೇ, ಯಾರು ಯಾರ ಬಾಯಿಂದ ಕೇಳಿದರು ಎಂಬುದರ ಸಮೇತ ಒಂದು ಬೇರೆ ವಹಿಯಲ್ಲಿ ಬರೆದಿಡಿ. ತಂದೆಯವರಿಗೂ ಕಾಕಾ ಅವರಿಗೂ ನೆನಪಿರುವುದನ್ನು ಬೇರೆ ಬೇರೆ ಕೂರಿಸಿ ಕೇಳಿ. ಓದಿದ ನಂತರ ಬರೆದರೆ, ಓದಿದ್ದು ನೆನಪಿನೊಳಗೆ ಸೇರಿಕೊಂಡು ಯಾವುದು ಯಾವುದೆಂದು ಬೇರ್ಪಡಿಸಲಾಗದು. ಎಲ್ಲ ಖಾತೆಗಳೂ ಒಂದೇ ಉತ್ತರ ಕೊಡುವುದಿಲ್ಲ ಎಂಬುದನ್ನೂ ಅವರಿಗೆ ಹೇಳಿ. ಒಬ್ಬನಿಗೆ ಸಾಲ ಬಿಟ್ಟು ಇನ್ನೊಬ್ಬನಿಂದ ರುಜು ಪಡೆದಿರಬಹುದು, ಆ ವ್ಯತ್ಯಾಸಕ್ಕೆ ಏನಾದರೂ ಕಾರಣವಿರಬಹುದು. ಬಾಯಿಂದ ಬಾಯಿಗೆ ಬಂದ ಮಾತಿನಲ್ಲಿ ಮುತ್ತಜ್ಜ ಒಂದೇ ಗುಣದ ಮನುಷ್ಯ. ಪುಸ್ತಕದಲ್ಲಿ ಆತ ಬರಗಾಲದ ವರ್ಷ ಅಂಗಡಿಯನ್ನೂ ನಡೆಸಿ, ಸತ್ತವರ ಮನೆಯವರ ಮುಖವನ್ನೂ ನೋಡಬೇಕಾಗಿದ್ದ ವ್ಯಾಪಾರಿಯಾಗಿ ಕಾಣಿಸುತ್ತಾನೆ. ನಾನಾದರೆ ಆ ಎರಡನೆಯವನನ್ನೇ ಹೆಚ್ಚು ಪ್ರೀತಿಯಿಂದ ನೆನೆಯುತ್ತೇನೆ.

ಅಂತರ್ಜಾಲಕ್ಕೆ ಹಾಕುವ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ಆ ಖಾತೆಗಳಲ್ಲಿ ನಿಮ್ಮ ಮುತ್ತಜ್ಜನ ಹೆಸರಿಗಿಂತ ಸಾಲಗಾರರ ಹೆಸರುಗಳೇ ಹೆಚ್ಚಿವೆ. ಅವರ ಮನೆತನ, ಅಡ್ಡಹೆಸರು, ಊರು, ಬಾಕಿ ಎಲ್ಲವೂ ಇವೆ, ಅವರ ಮೊಮ್ಮಕ್ಕಳು ಮರಿಮಕ್ಕಳು ಇಂದಿಗೂ ಅದೇ ಹಳ್ಳಿಗಳಲ್ಲಿದ್ದಾರೆ. ನಮ್ಮ ಕಡೆ ಮುತ್ತಜ್ಜನ ಸಾಲದ ಮಾತು ಮದುವೆಯ ಮಾತುಕತೆಯಲ್ಲೂ ಎದ್ದು ಬರುತ್ತದೆ. ರೈತರನ್ನು ಈ ಸಾಲದ ಹೊರೆಯಿಂದ ಬಿಡಿಸಬೇಕೆಂಬ ಯೋಚನೆಯಿಂದಲೇ ನಿಮ್ಮ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ 1905 ರಲ್ಲಿ ದೇಶದ ಆರಂಭದ ಸಹಕಾರ ಸಂಘಗಳಲ್ಲೊಂದು ಹುಟ್ಟಿತು. ಅಂದರೆ ಆ ಕಾಲದಲ್ಲೂ ಸಾಲ ಅಷ್ಟು ದೊಡ್ಡ ಹೊರೆಯಾಗಿತ್ತು. ಪೂರ್ತಿ ಪ್ರತಿಯನ್ನು ಸಂಶೋಧನ ಸಂಸ್ಥೆಯೊಂದಕ್ಕೆ, ಹೆಸರುಗಳನ್ನು ಪ್ರಕಟಿಸಬಾರದೆಂಬ ಬರವಣಿಗೆಯ ಷರತ್ತಿನೊಂದಿಗೆ ಕೊಡಿ. ಸಾರ್ವಜನಿಕವಾಗಿ ಹಾಕುವುದಾದರೆ ಮೊದಲ ಪುಟ, ಬೆಲೆ ತೂಕಗಳಿರುವ ಪುಟ, ಧರ್ಮದ ಖಾತೆ ಇಂಥವನ್ನು ಆರಿಸಿ, ವ್ಯಕ್ತಿಗಳ ಹೆಸರನ್ನು ಮುಚ್ಚಿ ಹಾಕಿ. ಸಾಲ ಬಿಟ್ಟದ್ದು ಖಚಿತವಾದ ಮನೆತನಗಳು ಗೊತ್ತಾದರೆ ಮೊದಲು ಅವರ ಮನೆಗೇ ಹೋಗಿ ಕೇಳಿ. ಅವರ ಮನೆಯಲ್ಲೂ ಆ ವರ್ಷದ ಬಗ್ಗೆ ಒಂದು ಮಾತು ಉಳಿದಿರಬಹುದು, ಅದನ್ನೂ ಅದೇ ವಹಿಯಲ್ಲಿ, ಅವರ ಒಪ್ಪಿಗೆ ಪಡೆದು, ಬರೆದುಕೊಳ್ಳಿ.